ಮಾಡ್ಕೊಂಡ್ರಾಯ್ತು ಮಾವ

ನಮ್ಮ ಬೀದಿಗೆಲ್ಲ ಮಾವನಾದ ಈ ನಿವೃತ್ತ ಎಂಜಿನಿಯರಿಗೆ ಅಂಗಡಿಯಿಂದ ಸಾಮಾನು ತರುವುದೆಂದರೆ ಸೋಲೊಪ್ಪಿಕೊಂಡಂತೆ. ಈಗ ಗೇಟಿಗೆ ಬಣ್ಣ ಹೊಡೆಯಲು ಹಳೇ ಫ್ರಿಜ್ಜಿನ ಕಂಪ್ರೆಸರಿಗೆ ಒಂದು ಟ್ಯಾಂಕ್ ಜೋಡಿಸಿದ್ದಾರೆ. ಗಾಳಿ ಜಾಸ್ತಿಯಾದರೆ ಹೊರಗೆ ಬಿಡಲು ರಿಲೀಫ್ ವಾಲ್ವ್ ಬೇಕು.

"ಎಸ್.ಪಿ. ರೋಡಲ್ಲಿ ಸಿಗುತ್ತೆ ಮಾವ, ತಂದುಬಿಡೋಣ."

"ಅದರಲ್ಲೇನಯ್ಯ ಇದೆ? ಒಂದು ಸ್ಪ್ರಿಂಗು, ಒಂದು ಗುಂಡು. ಮಾಡ್ಕೊಂಡ್ರಾಯ್ತು."

ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಶುರುವಾಯಿತು. ತೂತಿನ ಅಗಲ 10 ಮಿ.ಮೀ.; ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡವಾದಾಗ ಗಾಳಿ ಗುಂಡನ್ನು ಸುಮಾರು 785 ಗ್ರಾಂ ಬಲದಿಂದ ಎತ್ತುತ್ತದೆ. ಲೆಕ್ಕದಲ್ಲಿ ಮಾವನನ್ನು ಮೀರಿಸುವವರಿಲ್ಲ. ತೊಂದರೆ ಸ್ಪ್ರಿಂಗಿನದು. ಬಾಲ್ ಪೆನ್ನಿನದು ಉಸಿರಿಗೇ ತೆರೆಯಿತು, ಸ್ಕೂಟರಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಡುವೆ ಅತ್ತೆಯ ಕುಕ್ಕರಿನ ವೆಯ್ಟು ಕಾಣೆಯಾಗಿ, ಆವತ್ತು ಬೇಳೆ ಬೇಯುವಷ್ಟರಲ್ಲಿ ಮೂರು ಗಂಟೆ.

"ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಕುಕ್ಕರ್ ಮಾಡಿ ತೋರಿಸಿದ. ಅವನೇನು ಪೇಟೆಗೆ ಹೋಗಿದ್ನಾ?" ಎಂದು ಮಾವ ಗುಡುಗಿದರು.

"ಅವನ ಹೆಂಡ್ತಿ ಅವನಿಗೆ ಊಟ ಹಾಕ್ತಿದ್ಲೇನೋ, ಕೇಳಿ" ಎಂದರು ಅತ್ತೆ.

ಕೊನೆಗೆ ಪೀಣ್ಯದ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಕೊರೆಸಿದರು. ಅದಕ್ಕೆ ಕೊಟ್ಟ ದುಡ್ಡಿಗೆ ಸಿದ್ಧ ವಾಲ್ವ್ ನಾಲ್ಕು ಬರುತ್ತಿದ್ದವು. ಆಟೋ ಬಾಡಿಗೆಯ ಮಾತು ಎತ್ತುವಂತಿಲ್ಲ. ಜೋಡಿಸಿದರೆ ಸೋರಿತು. ಸ್ಕ್ರೂ ಬಿಗಿದರು, ನಿಂತಿತು. "ನೋಡಿದ್ಯಾ!" ಸೋರುವುದು ನಿಂತಿದ್ದೇನೋ ಸರಿ, ತೆರೆಯುವುದೂ ನಿಂತಿರಬಹುದಲ್ಲ? ಯಾವ ಒತ್ತಡಕ್ಕೆ ತೆರೆಯುತ್ತದೆ, ತೆರೆದ ಮೇಲೆ ಕಂಪ್ರೆಸರ್ ತುಂಬುವಷ್ಟೂ ಗಾಳಿಯನ್ನು ಹೊರಗೆ ಬಿಡುತ್ತದೆಯೇ ಎಂದು ಪರೀಕ್ಷಿಸಲು ನಂಬಿಕಸ್ಥ ಗೇಜ್ ಬೇಕು. ಅಂಗಡಿಯ ವಾಲ್ವಿಗೆ ನಾವು ಕೊಡುವ ದುಡ್ಡು ಹೆಚ್ಚಾಗಿ ಈ ಪರೀಕ್ಷೆಗೇ, ಹಿತ್ತಾಳೆಗಲ್ಲ. ಗೇಜನ್ನೂ ಮಾಡ್ಕೊಂಡ್ರಾಯ್ತು ಎಂದು ಮಾವ ಹೊರಟಾಗ ಅತ್ತೆ ಪ್ಲಗ್ ಕಿತ್ತು ಬೀರುವಿನಲ್ಲಿಟ್ಟರು.

ಮನೆಯಲ್ಲೇ ಮಾಡಬಹುದಾದ್ದು ಇಲ್ಲವೆಂದಲ್ಲ. ಇದೇ ಮಾವನ ತಾರಸಿಯಲ್ಲಿ ಅಡುಗೆಮನೆ ಕಸದ ಗ್ಯಾಸಿನ ಡ್ರಮ್ ಇದೆ. ಅದರ ಒತ್ತಡ ಕೆ.ಜಿ. ಲೆಕ್ಕದ್ದಲ್ಲ, ನೀರಿನ ಸೆಂಟಿಮೀಟರುಗಳದ್ದು. ಕೊಳವೆಯ ತುದಿಯನ್ನು ಬಾಟಲಿಯ ನೀರಿನಲ್ಲಿ 10 ಸೆಂ.ಮೀ. ಮುಳುಗಿಸಿಟ್ಟರೆ, ಒತ್ತಡ ಅಷ್ಟು ದಾಟಿದೊಡನೆ ಗ್ಯಾಸ್ ಗುಳುಗುಳು ಅಂತ ಬಯಲಿಗೆ ಹೋಗುತ್ತದೆ. ತುಕ್ಕಿಲ್ಲ, ಸ್ಪ್ರಿಂಗಿಲ್ಲ; ನೀರು ಆರದಂತೆ ನೋಡಿಕೊಂಡು, ಹತ್ತಿರ ಬೆಂಕಿ ತರದಿದ್ದರೆ ಸಾಕು. ಆದರೆ ಮಾವನಿಗೆ ಬಾಟಲಿಯ ಮೇಲೆ ಗೌರವವೇ ಇಲ್ಲ. "ಥೂ, ಇದರಲ್ಲಿ ಮಾಡೋಕೇನಿದೆ? ಲೇತೇ ಬೇಡವಲ್ಲ!"

ಕಡೆಗೆ ಮೊಮ್ಮಗನೇ ಎಸ್.ಪಿ. ರೋಡಿಗೆ ಹೋಗಿ, ಒತ್ತಡದ ಅಂಕಿ ಕೊರೆದ ಹೊಸ ವಾಲ್ವ್ ತಂದು ಟ್ಯಾಂಕಿಗೆ ಹಾಕಿದ. ಮಾವ ಒಂದು ವಾರ ಅದರತ್ತ ತಿರುಗಲಿಲ್ಲ. ಎಂಟನೇ ದಿನ ನಾನು ಹೋದಾಗ ಅದು ಪೇಪರಿನ ಮೇಲೆ ತುಂಡುತುಂಡಾಗಿ ಬಿದ್ದಿತ್ತು.

"ಸ್ಪ್ರಿಂಗು ಚೆನ್ನಾಗಿದೆ ಕಣಯ್ಯ," ಎಂದರು. "ನನ್ನ ವಾಲ್ವಿಗೆ ಸರಿಯಾಗಿ ಕೂರುತ್ತೆ."