ಅಟ್ಟದ ಮೇಲಿನ ನೌಕರಿ

ತಿಪಟೂರು ಹತ್ತಿರದ ಹಾಲ್ಕುರಿಕೆ ಕಡೆ ಮೇಷ್ಟ್ರು, ಗುಮಾಸ್ತರು ಯಾರನ್ನೇ ಕೇಳಿ, 'ಸೈಡ್ ಬಿಸಿನೆಸ್ಸಾ? ಇಲ್ಲಪ್ಪ, ನಾಕು ತೆಂಗಿನ ಮರ ಐತೆ' ಅಂತಾರೆ. ಆ ನಾಕು ಎಷ್ಟು ಎಕರೆ ಅಂತ ಕೇಳಬಾರದು. 2021ರ ನಡತೆ ನಿಯಮ ಸರ್ಕಾರಿ ನೌಕರರಿಗೆ ಖಾಸಗಿ ವ್ಯಾಪಾರ ಬೇಡ ಅನ್ನುತ್ತೆ. ಸರಿ, ಸಾಹೇಬರು ವ್ಯಾಪಾರ ಮಾಡಲ್ಲ. ಅಟ್ಟದ ಮೇಲಿನ ಕಾಯಿ ತಾನೇ ಹತ್ತು-ಹನ್ನೊಂದು ತಿಂಗಳು ಒಂದು ದಿನವೂ ರಜೆ ಹಾಕದೆ ಕೂತು, ಚಿಪ್ಪಿನೊಳಗೇ ಒಣಗಿ, ಅಲ್ಲಾಡಿಸಿದರೆ ಗಡಗಡ ಅನ್ನೋ ಉಂಡೆ ಕೊಬ್ಬರಿ ಆಗುತ್ತೆ. ಮಟ್ಟೆ ನಾರಿಗೆ, ಚಿಪ್ಪು ಇದ್ದಿಲಿಗೆ. ಸೈಡ್ ಬಿಸಿನೆಸ್ಸಿಗೇ ಸೈಡ್ ಬಿಸಿನೆಸ್ಸು! ಸಾಹೇಬರ ಪಾಲಿನ ಕೆಲಸ ಒಂದೇ, ಆಫೀಸಲ್ಲಿ ಹಾಜರಿ ಹಾಕಿ ತಿಪಟೂರು ಎಪಿಎಂಸಿ ರೇಟು ವಿಚಾರಿಸೋದು. ರೇಟು ಏರಿದ ದಿನ ಸಿಎಲ್ ಅರ್ಜಿಯಲ್ಲಿ ಹೊಟ್ಟೆನೋವು. ಬಿದ್ದ ದಿನ ಅರ್ಜಿ ಇಲ್ಲದೆಯೇ ಹೊಟ್ಟೆನೋವು.