ಕತ್ತಲೆಗೊಂದು ಅರ್ಜಿ

ಬೀದಿದೀಪ ಬೇಕೆಂದು ಅರ್ಜಿ ಹಾಕುವವನಿಗೆ ನಮ್ಮಲ್ಲಿ ಒಂದು ಮರ್ಯಾದೆಯಿದೆ. ಮುಂದೆ ಆತ ವಾರ್ಡಿನ ಚುನಾವಣೆಗೆ ನಿಂತರೂ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ‘ಬೆಳಕು ಹೆಚ್ಚಾಯಿತು, ಸ್ವಲ್ಪ ಆಚೆ ತಿರುಗಿಸಿ’ ಎಂದವನನ್ನು ಜನ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಕತ್ತಲೆ ಬೇಡುವವನು ಕಳ್ಳನಿರಬೇಕು, ಇಲ್ಲವೇ ರಾತ್ರೋರಾತ್ರಿ ಮೂಲೆಯಲ್ಲಿ ಕಸ ಸುರಿಯುವವನಿರಬೇಕು. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದವೆಂದು ಇಂದಿಗೂ ಬೀಗುವ ನಾಡಿದು. ಇಲ್ಲಿ ದೀಪದ ಮೇಲೆ ದೂರು ಹೇಳುವುದಕ್ಕೆ ಎಂಟೆದೆ ಬೇಕು.

ನಮ್ಮ ಬೀದಿಯಲ್ಲಿ ಮೊದಲಿದ್ದದ್ದು ಹಳದಿ ಸೋಡಿಯಂ ದೀಪ. ನಿವೃತ್ತಿಗೆ ಹತ್ತಿರವಾದ ಗುಮಾಸ್ತರಂತೆ ಸಂಜೆ ನಿಧಾನವಾಗಿ ಕಣ್ಣು ಬಿಟ್ಟು, ಮಳೆ ಬಂದರೆ ರಜೆ ಹಾಕಿಬಿಡುತ್ತಿತ್ತು. ಈಗ ಬಂದಿರುವುದು ಬಿಳಿಯ ಎಲ್‌ಇಡಿ. ಕರೆಂಟು ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕೂರಿಸುವಾಗ ಅದರ ಮುಖ ಎತ್ತ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ಹೊಂಗೆಮರದ ಕೊಂಬೆ ಅಡ್ಡ ಬಂದು ರಸ್ತೆಯ ಗುಂಡಿ ಕತ್ತಲಲ್ಲೇ ಉಳಿಯಿತು. ಬೆಳಕೆಲ್ಲ ನಮ್ಮ ಮಹಡಿಯ ಮಲಗುವ ಕೋಣೆಗೆ ಬಂದಿತು. ಮರದ ಕಾಗೆಗಳು ನಡುರಾತ್ರಿಯಲ್ಲೇ ಬೆಳಗಾಯಿತೆಂದು ಕೂಗತೊಡಗಿದವು.

ನನಗಿಂತ ಮೊದಲು ಪ್ರತಿಭಟಿಸಿದ್ದು ಬಾಲ್ಕನಿಯ ಸೇವಂತಿಗೆ. ರಾತ್ರಿ ದೀರ್ಘವಾಗದೆ ಮೊಗ್ಗು ಬಿಡದ ಗಿಡ ಅದು. ಗೋಡೆಯ ಮರೆಯಲ್ಲಿದ್ದ ಕುಂಡಗಳು ಹೂ ಬಿಟ್ಟವು, ದೀಪದ ಕಡೆಯವು ಬರೀ ಎಲೆ ಬಿಟ್ಟವು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಗಾರರು ತೋಟದಲ್ಲಿ ಸಾಲಾಗಿ ಬಲ್ಬು ಕಟ್ಟಿ, ಒಳ್ಳೆಯ ದರ ಬರುವವರೆಗೆ ಮೊಗ್ಗನ್ನು ಬೇಕೆಂದೇ ತಡೆದಿಡುತ್ತಾರೆ. ‘ಅವರು ದುಡ್ಡು ಕೊಟ್ಟು ಮಾಡಿಸುವ ಕೆಲಸ ನಮಗೆ ಪುಕ್ಕಟೆಯಾಗಿ ಆಗ್ತಿದೆಯಲ್ಲ’ ಎಂದು ಮನೆಯವಳನ್ನು ಸಮಾಧಾನಪಡಿಸಲು ನೋಡಿದೆ. ಅವಳು ದೀಪಾವಳಿಗೆ ಹೂ ಕೊಂಡ ಲೆಕ್ಕ ಒಪ್ಪಿಸಿದಳು.

‘ಒಂದು ಕಲ್ಲು ಸಾಕಪ್ಪ’ ಎಂದ ಮಗ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡುವವರಿಗೆಂದೇ 1984ರಿಂದ ಒಂದು ಕಾಯಿದೆ ಇದೆ. ಕಾಯಿದೆ ಇಲ್ಲದಿದ್ದರೂ ನನ್ನ ಗುರಿಯ ಮೇಲೆ ಮನೆಯಲ್ಲಿ ಯಾರಿಗೂ ನಂಬಿಕೆಯಿಲ್ಲ. ಹಾಗಾಗಿ ವಕೀಲ ಗೆಳೆಯನ ಹತ್ತಿರ ಹೋದೆ.

ಅವನು 1882ರ ಅನುಭೋಗದ ಹಕ್ಕುಗಳ ಕಾಯಿದೆಯನ್ನು ತೆಗೆದ. ಕಿಟಕಿಗೆ ಬರುವ ಗಾಳಿ ಬೆಳಕನ್ನು 20 ವರ್ಷ ತಂಟೆಯಿಲ್ಲದೆ, ಎಡೆಬಿಡದೆ ಅನುಭವಿಸಿದರೆ ಅದು ಹಕ್ಕಾಗುತ್ತದಂತೆ. ‘ಹಾಗಾದರೆ ನಾನು 20 ವರ್ಷಕ್ಕೂ ಮೀರಿ ತಂಟೆಯಿಲ್ಲದೆ ಕತ್ತಲೆ ಅನುಭವಿಸಿದ್ದೀನಲ್ಲಯ್ಯ?’ ಎಂದೆ. ‘ಕಾಯಿದೆಯಲ್ಲಿ ಕತ್ತಲೆಯ ಮಾತೇ ಇಲ್ಲ. ಇದ್ದಿದ್ದರೂ ಎದುರಿನ ಜಾಗ ಸರ್ಕಾರದ್ದಾದರೆ 30 ವರ್ಷ ಆಗಬೇಕು’ ಎಂದ. ಸಾರ್ವಜನಿಕ ಉಪದ್ರವವೆಂದು ದೂರೋಣವೆಂದರೆ, ಒಬ್ಬನ ನಿದ್ದೆ ಕೆಟ್ಟ ಮಾತ್ರಕ್ಕೆ ಅದು ಸಾರ್ವಜನಿಕವಾಗುವುದಿಲ್ಲ. ಖಾಸಗಿ ಉಪದ್ರವವೆಂದು ಸಿವಿಲ್ ದಾವೆ ಹೂಡಬಹುದು. ತೀರ್ಪು ಬರುವಷ್ಟರಲ್ಲಿ ಎಲ್‌ಇಡಿಯ ಆಯುಷ್ಯ ಮುಗಿದಿರುತ್ತದೆ, ಬಹುಶಃ ನನ್ನದೂ. ನನ್ನ ಮುಖ ನೋಡಿ ಅವನಿಗೇ ಕನಿಕರವಾಯಿತು. ‘ರಾಮಲೀಲಾ ಮೈದಾನದಲ್ಲಿ ಮಲಗಿದ್ದವರನ್ನು ಪೊಲೀಸರು ನಡುರಾತ್ರಿ ಎಬ್ಬಿಸಿದ ಪ್ರಕರಣದಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟು ನಿದ್ದೆಯೂ ಮೂಲಭೂತ ಹಕ್ಕು ಎಂದಿದೆ’ ಎಂದು ಸಂತೈಸಿದ. ಆ ರಾತ್ರಿ ನಾನು ಮೂಲಭೂತ ಹಕ್ಕನ್ನು ನೆನೆಯುತ್ತ ಬೆಳಗಿನವರೆಗೂ ಎಚ್ಚರವಾಗಿದ್ದೆ.

ಕತ್ತಲೆಗೆ ಬೆಲೆ ಕೊಡುವವರು ದೇಶದಲ್ಲಿ ಇಲ್ಲವೆಂದಲ್ಲ. ಲಡಾಖಿನ ಹಾನ್ಲೆಯ ಸುತ್ತಲ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶಕ್ಕೆಂದೇ ಮೀಸಲಿಟ್ಟರು. ಅಲ್ಲಿನ ಮನೆಗಳವರು ದೀಪಕ್ಕೆ ಮರೆ ಕಟ್ಟಿ, ಕಿಟಕಿಗೆ ಪರದೆ ಎಳೆಯುತ್ತಾರೆ. ಅಲ್ಲಿಯ ವೀಕ್ಷಣಾಲಯ ನಡೆಸುವ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರೆ. ಲಡಾಖಿನ ದೂರದರ್ಶಕವನ್ನು ಹೊಸಕೋಟೆಯಿಂದ ತಿರುಗಿಸಬಹುದಾದರೆ, ನಮ್ಮ ಬೀದಿಯ ದೀಪವನ್ನು ಏಣಿ ಹಾಕಿ ತಿರುಗಿಸುವುದು ಯಾವ ಮಹಾ ಎಂದುಕೊಂಡು ಕಚೇರಿಗೆ ಹೋದೆ.

ವಿದ್ಯುತ್ ಕಚೇರಿಯವರು ‘ಕಂಬ ನಮ್ಮದು, ದೀಪ ಪಾಲಿಕೆಯವರದು’ ಎಂದರು. ಅವರ ಹತ್ತಿರ ಹೋದರೆ ‘ದೀಪ ನಮ್ಮದೇ, ಕಂಬ ಅವರದಲ್ಲವೇ?’ ಎಂದರು. ಬೆಳಕು ಯಾರದೆಂದು ಕೇಳಿದ್ದಕ್ಕೆ ಎರಡೂ ಕಡೆ ಉತ್ತರವಿರಲಿಲ್ಲ. ಕಂಬವನ್ನೇ ಸರಿಸಬೇಕಾದರೆ ಖರ್ಚು ಅರ್ಜಿದಾರನ ತಲೆಗೆ. ಕೊನೆಗೆ ಹೊರಗೆ ಬೀಡಿ ಹಚ್ಚುತ್ತಿದ್ದ ಲೈನ್‌ಮನ್ ದಾರಿ ತೋರಿಸಿದ: ‘ಕಂಬ ಯಾಕೆ ಸಾರ್ ಕೀಳಿಸ್ತೀರಾ? ಹಿಂದುಗಡೆ ಒಂದು ತಗಡು ಬಗ್ಗಿಸಿ ಕಟ್ಟಿ, ಮುಖ ಒಂಚೂರು ಕೆಳಗೆ ಮಾಡಿದ್ರೆ ಆಯ್ತು. ಆದ್ರೆ ಎದುರು ಮನೆಯವರು ಒಪ್ಪಬೇಕು.’

ಎದುರು ಮನೆಯಲ್ಲಿ ಅಜ್ಜಿ ಒಬ್ಬರೇ ಇರುವುದು. ಆ ದೀಪವೇ ಅವರಿಗೆ ಧೈರ್ಯ. ನಾನು ಅಳುಕುತ್ತಲೇ ವಿಷಯ ತೆಗೆದೆ. ಅಜ್ಜಿ ಕಾಫಿ ಲೋಟ ಮುಂದಿಟ್ಟು, ‘ನನ್ನ ಗೇಟಿಗೆ ಬೆಳಕು ಬಿದ್ದರೆ ಸಾಕು ಕಣಪ್ಪ. ನೀನು ಮಲಗೋದನ್ನ ನೋಡಿ ನನಗೇನಾಗಬೇಕು?’ ಎಂದರು. ಎರಡು ಕಚೇರಿ, ಒಬ್ಬ ವಕೀಲ ಮತ್ತು ಒಂದೂವರೆ ಶತಮಾನದ ಕಾನೂನು ಬಿಡಿಸಲಾರದ ಗಂಟು ಅದು. ದೀಪ ಯಾರಿಗೂ ಬೇಡವಾಗಿರಲಿಲ್ಲ. ಅದರ ಮುಖ ಎತ್ತ ಇರಬೇಕೆಂಬುದಷ್ಟೇ ಪ್ರಶ್ನೆಯಾಗಿತ್ತು. ಅದನ್ನು ಹೇಳಬಲ್ಲವರು ಅದರ ಕೆಳಗೆ ಬದುಕುವವರೇ ಹೊರತು ಕಾಯಿದೆಯಲ್ಲ.

ಇಬ್ಬರೂ ಸೇರಿ ಅರ್ಜಿ ಬರೆದೆವು. ದೀಪಕ್ಕೆ ಮರೆ ಕಟ್ಟಿ, ಬೆಳಕು ಗೇಟಿಗೂ ಗುಂಡಿಗೂ ಬೀಳುವಂತೆ ತಿರುಗಿಸಬೇಕು ಎಂದು ಬರೆಯುವಾಗ ಅಜ್ಜಿ ತಡೆದು, ‘ಗುಂಡಿಗೆ ಬೆಳಕು ಯಾಕೆ? ಮುಚ್ಚಿಬಿಡಿ ಅಂತಲೇ ಬರಿ’ ಎಂದರು. ಬರೆದೆ. ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ ವಾಪಸ್ಸು ಕೊಟ್ಟರು: ‘ದೀಪ ಆಗುತ್ತೆ ಸಾರ್. ಗುಂಡಿ ಬೇರೆ ಸೆಕ್ಷನ್ನು, ಅದಕ್ಕೆ ಬೇರೆ ಅರ್ಜಿ ಕೊಡಿ.’