ಮೈಲುತುತ್ತಿನ ಡಾಕ್ಟರು

ನಿಮ್ಮ ಮನೆಯಲ್ಲೂ ಒಬ್ಬ ಕೆಲಸವಿಲ್ಲದ ಪಿಎಚ್‌ಡಿ ಇದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಇಲ್ಲದಿದ್ದರೆ ನೀವು ಪುಣ್ಯವಂತರು. ಆದರೂ ಓದಿ, ಮಕ್ಕಳು ಬೆಳೆಯುತ್ತಿರುತ್ತಾರೆ.

ನಾನು ಡಾಕ್ಟರೇಟ್ ಮಾಡಿದ್ದು ಕರಿಮೆಣಸಿನ ಸೊರಗು ರೋಗದ ಮೇಲೆ. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಮಳೆನೀರಲ್ಲಿ ಈಜಿ ಬಂದು ಬಳ್ಳಿಯ ಬುಡ ಹಿಡಿದರೆ ಎಲೆ ಉದುರಿ, ಗೆಣ್ಣು ಕಳಚಿ, ಕೆಲವೇ ವಾರದಲ್ಲಿ ಬಳ್ಳಿ ಖಲಾಸ್. ನಾನು ಊರು ಬಿಟ್ಟು ಅದರ ಥಿಯರಿ ಬರೆಯುತ್ತಿದ್ದಾಗ ಕರಿಕೆಯ ನಮ್ಮ ತೋಟದಲ್ಲಿ ಅದು ಪ್ರಾಕ್ಟಿಕಲ್ ಮುಗಿಸಿತ್ತು. “ಇನ್ನೊಂದು ಎರಡು ವರ್ಷ ಓದಿದ್ದರೆ ಅಡಿಕೆಯೂ ಹೋಗ್ತಿತ್ತು” ಅಂದರು ಅಮ್ಮ.

ಫೆಲೋಶಿಪ್ ಕೊನೆಕೊನೆಗೆ ತಿಂಗಳಿಗೆ 42,000 ಬರುತ್ತಿತ್ತು. ಈ ಅಂಕಿ ನೆಂಟರಿಷ್ಟರಿಗೆಲ್ಲ ಬಾಯಿಪಾಠ. ಅದು ಒಟ್ಟು ಐದು ವರ್ಷ ಮಾತ್ರ, ಆಮೇಲೆ ಸೊನ್ನೆ ಅನ್ನುವ ಭಾಗ ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಮದುವೆ ಆದದ್ದೇ ಆ ಕಿವುಡಿನ ಪುಣ್ಯದಿಂದ.

ಹೋದ ವರ್ಷ ಯಾವುದೋ ಕಾರ್ಯಾಗಾರದಲ್ಲಿ ಯುವ ಸಂಶೋಧಕರಿಗೆಲ್ಲ ಒಂದು ಫಾರಂ ಹಂಚಿದ್ದರು. ಸಾಮರ್ಥ್ಯ, ದೌರ್ಬಲ್ಯ, ಐದು ವರ್ಷದ ಗುರಿ ಎಲ್ಲ ತುಂಬಿದರೆ ವೃತ್ತಿಜೀವನ ತಾನಾಗಿ ಹಳಿಗೆ ಬರುತ್ತದಂತೆ. ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಸರ್ಕಾರಿ ಶಾಲೆಯ ಟೀಚರಾದ ಹೆಂಡತಿ ಅಭ್ಯಾಸಬಲದಿಂದ ಕೆಂಪು ಪೆನ್ನು ತಂದಳು. ‘ದೌರ್ಬಲ್ಯ’ದ ಜಾಗ ಸಾಲದೆ ಹಿಂದಿನ ಪುಟಕ್ಕೆ ಹೋದಳು. ‘ಸಾಮರ್ಥ್ಯ’ಕ್ಕೆ ಅಮ್ಮನನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, “ಊಟಕ್ಕೆ ಕರೆದ ಕೂಡಲೇ ಬರ್ತಾನೆ” ಅಂದರು.

‘ಅವಕಾಶ’ದ ಕಾಲಂ ಕೂಡ ಅಮ್ಮನದೇ. ಬಸ್ ಸ್ಟಾಪುಗಳಂತೆ ಎಣಿಸಿದರು: ಘಟ್ಟ ಇಳಿದರೆ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡಲ್ಲಿ 1916ರಿಂದ ಇರುವ ತೆಂಗಿನ ಸಂಶೋಧನಾ ಕೇಂದ್ರ, ಘಟ್ಟ ಹತ್ತಿದರೆ ಅಪ್ಪಂಗಳದಲ್ಲಿ ಸಂಬಾರ ಬೆಳೆಯದ್ದು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಚಿಕ್ಕ ಅಳುವಾರದಲ್ಲಿ 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ. “ಇಷ್ಟರಲ್ಲಿ ನಿನಗೊಂದು ಕುರ್ಚಿ ಇಲ್ವಾ?”

ಕುರ್ಚಿ ಇರಬಹುದಮ್ಮ, ವಯಸ್ಸಿಲ್ಲ. ನನಗೀಗ ಮೂವತ್ತಮೂರು. ಇನ್‌ಸ್ಪೈರ್ ಫ್ಯಾಕಲ್ಟಿ ಯೋಜನೆಗೆ ನಮ್ಮಂಥವರಿಗೆ ಮೂವತ್ತೆರಡೇ ಗಡಿ. ತಲೆಯಲ್ಲಿ ಬಿಳಿ ಕೂದಲು ಕಂಡಾಗಲೂ ನಾನು ಇಷ್ಟು ಕಂಗಾಲಾಗಿರಲಿಲ್ಲ. ಸಮಾಧಾನಕ್ಕೆ ಕೋಲ್ಮನ್ ಸಾಹೇಬರ ಕಥೆ ತೆಗೆದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು, ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದವರು. ಅವರೂ ರೋಗ, ನಾನೂ ರೋಗ. ಹೆಂಡತಿ ಫೋನಿನಲ್ಲಿ ಹುಡುಕಿ, “ಆಗ ಅವರಿಗೆ ಮೂವತ್ತು ಅಷ್ಟೇ” ಅಂದಳು. ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಆನ್‌ಲೈನ್ ಸಂದರ್ಶನ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಹಿಂದಿನ ದಿಣ್ಣೆಯಲ್ಲಿ. ಮೇಲೆ ಇಸ್ತ್ರಿ ಅಂಗಿ, ಟೈ, ಕೆಳಗೆ ಪಂಚೆ. ಕ್ಯಾಮೆರಾಕ್ಕೆ ಎದೆಯಿಂದ ಮೇಲಷ್ಟೇ ಅಲ್ಲವೇ ಕಾಣುವುದು? “ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?” ಎಂದು ಕೇಳುವ ಹೊತ್ತಿಗೆ ಹಿಮ್ಮಡಿಯ ಮೇಲೆ ಜಿಗಣೆ. ಬಾಲ ಊರಿ, ತಲೆಯೆತ್ತಿ ಗಾಳಿಯಲ್ಲಿ ಆಚೀಚೆ ಆಡಿಸಿ ವಾಸನೆ ಹಿಡಿದು, ಮಡಚಿ, ಚಾಚಿ, ಮಂಡಿಯ ಕಡೆಗೆ ಹೊರಟಿತ್ತು. ಅದಕ್ಕೆ ತನ್ನ ಗುರಿ ಸ್ಪಷ್ಟವಿತ್ತು. ನಾನು “ಸರ್, ಸುಸ್ಥಿರ ರೋಗ ನಿರ್ವಹಣೆಯಲ್ಲಿ...” ಎನ್ನುತ್ತಲೇ ಅದು ಮಂಡಿ ದಾಟಿತು. ಎದ್ದು ಕುಣಿದೆ. ತಜ್ಞರು ಪಂಚೆಯನ್ನೂ ಕಂಡರು, ಅದನ್ನು ಎತ್ತಿದ್ದನ್ನೂ ಕಂಡರು. “ಥ್ಯಾಂಕ್ಯೂ, ತಿಳಿಸುತ್ತೇವೆ” ಎಂದವರು ಇನ್ನೂ ತಿಳಿಸಿಲ್ಲ.

ಅಷ್ಟರಲ್ಲಿ ಅಡಿಕೆಗೆ ಮದ್ದು ಬಿಡುವ ಕಾಲ. ಅಮ್ಮನ ಮುಂದೆ ವಿದ್ಯೆ ತೋರಿಸಲು ಸಿಕ್ಕ ಒಂದೇ ಅವಕಾಶ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರು ಸುರಿಯಬೇಕು. ಆಕಾಶನೀಲಿ ಬಂತು. ಪಿಎಚ್ ಮೀಟರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಅಡುಗೆಮನೆಯ ಚೂರಿ ತಂದು ಅದರಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು. “ಸುಣ್ಣ ಸಾಲದು, ಡಾಕ್ಟ್ರೇ.” ಮೀಟರಿನ ಬ್ಯಾಟರಿ ಹೇಗೂ ಸತ್ತಿತ್ತು.

ಮದ್ದು ಬಿಡಲು ಮರ ಹತ್ತುವವನು ಬಂದ. ನಮ್ಮ ಕಡೆ ಅವನಿಗಿರುವ ಬೇಡಿಕೆ ಯಾವ ಪ್ರೊಫೆಸರಿಗೂ ಇಲ್ಲ. ಬೀಡಿ ಕಟ್ಟಿನ ಜೊತೆ ಇಟ್ಟುಕೊಂಡ ಪುಟ್ಟ ಡೈರಿಯಲ್ಲಿ ಆಗಸ್ಟ್‌ವರೆಗಿನ ದಿನಗಳೆಲ್ಲ ಭರ್ತಿ. ಯಾವ ತೋಟ, ಎಷ್ಟು ಮರ, ಮುಂಗಡ ಎಷ್ಟು, ಎಲ್ಲ ಬರೆದಿಟ್ಟಿದ್ದ. ಇಂಥ ವೃತ್ತಿ ಯೋಜನೆಯನ್ನು ನಾನು ಯಾವ ಕಾರ್ಯಾಗಾರದಲ್ಲೂ ನೋಡಿಲ್ಲ. ಅಮ್ಮ ಕಾಫಿ ಕೊಟ್ಟು ಮೆಲ್ಲಗೆ, “ಇವನನ್ನೂ ನಿನ್ನ ಜೊತೆ ಸೇರಿಸಿಕೊಳ್ತೀಯಾ?” ಅಂದರು.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಟ್ಟೆಯ ಹತ್ತಿರ ಸ್ವಲ್ಪ ತಡೆದು, “ವಯಸ್ಸೆಷ್ಟು?” ಅಂದ.

“ಮೂವತ್ತಮೂರು.”

“ಮರ ಹತ್ತೋಕೆ ಲೇಟಾಯ್ತಮ್ಮ. ಕೆಳಗೆ ಸುಣ್ಣ ಕಲಸೋಕೆ ಬೇಕಾದರೆ ಬರಲಿ. ಈ ಮಳೆಗಾಲದ ಮಟ್ಟಿಗೆ, ಪರ್ಮನೆಂಟ್ ಅಲ್ಲ.”

“ಮಧ್ಯಾಹ್ನದ ಊಟ ನಿನ್ನದಾ, ನಮ್ಮದಾ?” ಎಂದು ಅಮ್ಮ ಷರತ್ತಿನ ಮಾತಿಗಿಳಿದರು.